ಬೆಡ್‌ಶೀಟಿನ ಆ ತುದಿ

ಗುರುವಾರ, ಮಧ್ಯಾಹ್ನ

ಫೋನ್ ಎತ್ತದ ನನ್ನ ಅಕ್ಕನಿಗೆ,

ಮಗಳ ಮನೆಯಲ್ಲಿ ಆರಾಮಾಗಿದ್ದೀಯ ಎಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಭುಜದ ಆಪರೇಷನ್ನಿನ ಗಾಯ ಮಾಯ್ದಿದೆ, ಕೈಯನ್ನು ಕುತ್ತಿಗೆಗೆ ತೂಗುಹಾಕಿದ್ದ ಪಟ್ಟಿಯೂ ಹೋಯಿತು. ಅಷ್ಟೂ ದಿನ ನಮ್ಮನೆಯವರೇ ನನಗೆ ಜಡೆ ಹಾಕಿದರು. ಆ ಜಡೆ ನೋಡಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. ಹಗ್ಗ ಹೊಸೆಯುವವರೂ ಅದಕ್ಕಿಂತ ನಾಜೂಕಾಗಿ ಹೊಸೆಯುತ್ತಾರೆ.

ಏನಾಗಿತ್ತೆಂದು ಡಾಕ್ಟರು ಬಿಡಿಸಿ ಹೇಳಿದರು. ಭುಜದಲ್ಲಿ ಚೆಂಡಿನಂಥ ಮೂಳೆ ಒಂದು ಚಿಕ್ಕ ತಟ್ಟೆಯಲ್ಲಿ ಕೂತಿರುತ್ತದಂತೆ. ಅದು ಜಾರದ ಹಾಗೆ ತಟ್ಟೆಯ ಸುತ್ತ ಮೆತ್ತನೆಯ ಅಂಚು ಇರುತ್ತದಂತೆ. ನನ್ನದು ಆ ಅಂಚೇ ಹರಿದಿತ್ತು. ಸಣ್ಣ ತೂತು ಮಾಡಿ, ಅದನ್ನು ಮೂಳೆಗೆ ದಾರದಿಂದ ಬಿಗಿದಿದ್ದಾರೆ. ಈಗ ಗಟ್ಟಿಯಾಗಿದೆ, ಇನ್ನು ಕೈ ನಿಮ್ಮ ಮಾತು ಕೇಳುತ್ತೆ ಅಂದರು. ಕೇಳುತ್ತಿಲ್ಲ ಅಕ್ಕಾ.

ವ್ಯಾಯಾಮಕ್ಕೆಂದು ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ಎತ್ತಿದರೆ ಕೈ ತಲೆಯ ಮೇಲೆ ಹೋಗುತ್ತದೆ. ಗೋಡೆಯ ಮೇಲೆ ಬೆರಳು ನಡೆಸಿದರೆ ಸ್ವಿಚ್ ಬೋರ್ಡು ದಾಟಿ ಗಡಿಯಾರದವರೆಗೂ ಹತ್ತುತ್ತದೆ. ಆದರೆ ಮೊನ್ನೆ ಮತ್ತೆ ಕೆಲಸಕ್ಕೆಂದು ಲಾಂಡ್ರಿಗೆ ಹೋಗಿ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತೆ. ಆ ತುದಿಯಲ್ಲಿ, ನಿನ್ನ ಜಾಗದಲ್ಲಿ, ಇಸ್ತ್ರಿಯವಳು ನಿಂತಿದ್ದಳು. ಅವಳು ಜಾಡಿಸುವ ಮೊದಲೇ ನನ್ನ ಕೈ ಮೂಲೆಗಳನ್ನು ಬಿಟ್ಟುಬಿಟ್ಟಿತು. ಮತ್ತೆ ಹಿಡಿದೆ, ಮತ್ತೆ ಬಿಟ್ಟಿತು. ಒಗೆದ ಬಟ್ಟೆ ನೆಲದ ಪಾಲಾಯಿತು. ಸೂಪರ್‌ವೈಸರ್ ಬೈಯಲಿಲ್ಲ, ಅದೇ ನನಗೆ ಭಯ. ಸೋಮವಾರ ಇನ್ನೊಂದು ಸಲ ನೋಡೋಣ, ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೊಳ್ತೀನಮ್ಮ ಅಂದರು. ವ್ಯಾಯಾಮ ಮಾಡಿಸುವ ಮೇಡಂ ಕೈಯನ್ನು ಹಿಂದೆ ಮುಂದೆ ಆಡಿಸಿ ನೋಡಿ, ಇದು ನೋವಲ್ಲ, ಹೆದರಿಕೆ ಅಂದರು. ಎಳೆತ ಯಾವಾಗ ಬರುತ್ತೆ ಅಂತ ನಿಮ್ಮ ಭುಜಕ್ಕೆ ಮೊದಲೇ ಗೊತ್ತಾಗ್ಬೇಕು ಅಂದರು.

ಅದನ್ನು ಕೇಳಿದಾಗ ನೀನು ನೆನಪಾದೆ. ಎಷ್ಟು ವರ್ಷ ಇಬ್ಬರೂ ಎದುರುಬದುರು ನಿಂತು ಮಡಚಿದೆವು! ಜಾಡಿಸುವ ಮುಂಚೆ ನೀನು ಹೂಂ ಅನ್ನುತ್ತಿದ್ದೆ, ನನ್ನ ಭುಜ ಬಿಗಿಯಾಗುತ್ತಿತ್ತು, ಬಟ್ಟೆ ಫಟ್ಟೆಂದು ಸದ್ದು ಮಾಡುತ್ತಿತ್ತು. ಮಷೀನುಗಳ ಗದ್ದಲದಲ್ಲೂ ಆ ಹೂಂ ನನಗೆ ಕೇಳದೆ ಹೋದದ್ದಿಲ್ಲ.

ಆ ದಿನ ಮಾತ್ರ ನೀನು ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಅದಕ್ಕೂ ಮುಂಚೆ ಒಮ್ಮೆ ತಲೆ ಬಾಚುವಾಗ ನನ್ನ ಭುಜ ಜಾರಿದ್ದನ್ನು ಸೂಪರ್‌ವೈಸರ್‌ಗೆ ಹೇಳಿ, ಅವಳಿಗೆ ಹಗುರ ಕೆಲಸ ಕೊಡಿ ಎಂದು ಕೇಳಿದ್ದೆಯಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮಾತು ಬಿಟ್ಟೆ. ನೀನೇನು ಕಡಿಮೆಯೇ, ನೀನೂ ಬಾಯಿಗೆ ಬೀಗ ಹಾಕಿಕೊಂಡೆ. ಇಬ್ಬರೂ ಮುಖ ಊದಿಸಿಕೊಂಡು ಬೆಡ್‌ಶೀಟ್ ಹಿಡಿದೆವು. ಮೊದಲು ಯಾರು ಬಾಯಿ ಬಿಡಬೇಕೆಂಬ ಹಠ. ಹೂಂ ಇಲ್ಲದೆಯೇ ನೀನು ಜಾಡಿಸಿದೆ, ಭುಜ ಕಳಚಿಕೊಂಡಿತು, ನಾನು ಕಿರುಚಿದೆ.

ಅಂಚು ಮೊದಲೇ ಹರಿದಿತ್ತು, ಇವತ್ತಲ್ಲ ನಾಳೆ ಹೀಗಾಗುವುದೇ ಇತ್ತು ಎಂದು ಡಾಕ್ಟರೇ ಹೇಳಿದ್ದಾರೆ. ಇದನ್ನು ನಿನಗೆ ಹೇಳಬೇಕೆಂದರೆ ನೀನು ಫೋನ್ ಎಲ್ಲಿ ಎತ್ತುತ್ತೀಯ? ಆಸ್ಪತ್ರೆಯ ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದೆಯಂತೆ. ಕೆಲಸ ಬಿಟ್ಟೆ, ಊರು ಬಿಟ್ಟೆ, ನನ್ನನ್ನೂ ಬಿಟ್ಟೆ. ಕೈ ಹೋದದ್ದಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿದದ್ದು ಇದಕ್ಕೆ. ಈ ಕೆಲಸವೂ ಹೋದರೆ ನಾನು ಏನು ಮಾಡಲಿ? ನನಗೆ ಬೇರೆ ಏನು ಬರುತ್ತದೆ? ಅಡುಗೆಮನೆಯಲ್ಲಿ ಕೂತು ಅಳುತ್ತೇನೆ, ಬಾಗಿಲ ಸದ್ದಾದರೆ ಈರುಳ್ಳಿ ಹೆಚ್ಚುತ್ತೇನೆ.

ಭಾನುವಾರ ಬಾ. ಒಂದೇ ಒಂದು ಬೆಡ್‌ಶೀಟ್ ಮಡಚೋಣ. ಆಮೇಲೆ ಬೇಕಾದರೆ ಮತ್ತೆ ಮಾತು ಬಿಡೋಣ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಚೆನ್ನಾಗಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆ ಬೆಡ್‌ಶೀಟಿನ ಆ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ನಿನ್ನ ಹಾಗೆ ನಾನೇ ಹೂಂ ಎಂದೆ. ಭುಜ ನಂಬಲಿಲ್ಲ, ಜಾಡಿಸುವ ಮೊದಲೇ ಕೈ ಮತ್ತೆ ಬಿಟ್ಟುಬಿಟ್ಟಿತು. ನಿನಗೆ ಬರಲು ಆಗದಿದ್ದರೆ ಸೋಮವಾರ ಬೆಳಿಗ್ಗೆ ನಾನು ಲಾಂಡ್ರಿಯಲ್ಲಿರುವಾಗ ಫೋನ್ ಮಾಡು. ಕ್ಷಮಿಸು ಗಿಮಿಸು ಏನೂ ಬೇಡ. ಫೋನನ್ನು ಕಿವಿಗೆ ಕಟ್ಟಿಕೊಂಡು ನಿಂತಿರುತ್ತೇನೆ, ನಿನ್ನ ದನಿ ಕೇಳಿದೊಡನೆ ಜಾಡಿಸು ಎಂದು ಇಸ್ತ್ರಿಯವಳಿಗೆ ತಲೆಯಾಡಿಸುತ್ತೇನೆ. ನೀನು ಬರೀ ಹೂಂ ಅನ್ನು.