ಅತ್ತಾಗ ಬಿಚ್ಚಿದ ಸ್ಪ್ಲಿಂಟು

ಅಮ್ಮಾ,

ಪೆನ್ನು ಹಿಡಿಯಲಾಗದು, ಮನಸ್ಸಿನಲ್ಲೇ ಬರೆಯುತ್ತಿದ್ದೇನೆ. ಇವತ್ತು ಥೆರಪಿ ಮೇಡಂ ನನ್ನ ಸುಟ್ಟ ಕೈಗೆ ಚಮಚ ಕೊಟ್ಟರು. ಎರಡೂ ಕೈಗಳ ಬೆರಳುಗಳು ಮಡಚಿಕೊಂಡೇ ಗಟ್ಟಿಯಾಗಿವೆ. ಚಮಚ ಜಾರಿ ಬಿತ್ತು.

“ಬೆರಳು ನೆಟ್ಟಗಿರ್ಲಿ ಅಂತ ಸ್ಪ್ಲಿಂಟು ಕಟ್ಟಿದ್ವಲ್ಲ, ಯಾರು ಬಿಚ್ತಿದ್ದಿದ್ದು?” ಎಂದು ರೇಗಿದರು.

“ನಾನೇ,” ಎಂದೆ.

ನಾನು ಅತ್ತಾಗಲೆಲ್ಲ ಬಿಚ್ಚುತ್ತಿದ್ದವಳು ನೀನು. “ನಾನಿದ್ದೀನಲ್ಲ, ಉಣಿಸ್ತೀನಿ ಬಿಡು,” ಅನ್ನುತ್ತಿದ್ದೆ. ಎಂಥ ತಾಯಿ ಎಂದು ವಾರ್ಡಿಗೆ ವಾರ್ಡೇ ನಿನ್ನನ್ನು ಹೊಗಳಿತು. ಮಗಳು ಎಷ್ಟೇ ಅತ್ತರೂ ಬಿಚ್ಚದ ಪಕ್ಕದ ಹಾಸಿಗೆಯ ತಾಯಿಯನ್ನು ನೀನು ಕಟುಕಿ ಎಂದು ಬೈದಿದ್ದೆ. ಆ ಮಗಳು ಇವತ್ತು ನನ್ನೆದುರಿಗೇ ತನ್ನ ಜಡೆ ತಾನೇ ಹೆಣೆದುಕೊಂಡಳು.

ನಾನಿದ್ದೀನಲ್ಲ ಅಂದ ನೀನೇ ಸತ್ತುಹೋದೆ. ಈಗ ಆಯಾ ಉಣಿಸುತ್ತಾಳೆ. ನನ್ನ ಬಾಯಿ ಒರೆಸುವಷ್ಟು ಪುರುಸೊತ್ತು ಅವಳಿಗಿಲ್ಲ.

ಮೇಡಂಗೆ ನಿಜ ಹೇಳಲಿಲ್ಲ. ನಿನ್ನನ್ನು ಬೈಯುವುದಿದ್ದರೆ ನಾನೇ ಬೈಯಬೇಕು.