ಮೊಳೆಯ ಮೇಲಿನ ಹ್ಯಾಟು

ಮೈಸೂರು,
ಮಂಡಿ ಮೊಹಲ್ಲಾ,
೧೪-೭-೧೯೬೧

ಚಿ. ಸೌ. ಪ್ರೇಮಲೀಲಾಳಿಗೆ ಅವ್ವನ ತುಂಬು ಆಶೀರ್ವಾದ. ಅಳಿಯಂದಿರಾದ ಮಹದೇವಪ್ಪನವರಿಗೂ ತಿಳಿಸು. ನಾನು ಇಲ್ಲಿ ಕ್ಷೇಮ. ಗುಂಡ್ಲುಪೇಟೆಯಲ್ಲಿ ನೀವಿಬ್ಬರೂ ನಿಮ್ಮಪ್ಪನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಎಂದಿನಂತೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು. ಅವರು ನಿನ್ನ ಮನೆಗೆ ಬಂದು ಎರಡು ವರ್ಷವಾಯಿತು. ಹದಿನೈದು ದಿನಕ್ಕೊಮ್ಮೆ ನಾನು ಹ್ಯಾಟಿನ ಕಾಯಿಲೆ ಬರೆಯುವುದು, ಅವರು ನಿನ್ನ ಕೈಯಲ್ಲಿ ಮದ್ದು ಬರೆಸುವುದು, ಹೀಗೇ ನಮ್ಮ ಅಂಗಡಿ ನಡೆಯುತ್ತಿದೆ. ಕಣ್ಣಿರುವ ನನಗಿಂತ ಅವರಿಗೇ ಹ್ಯಾಟು ಚೆನ್ನಾಗಿ ಕಾಣಿಸುತ್ತದೆ ಎಂದು ಹೇಳು, ಸ್ವಲ್ಪ ಉಬ್ಬಲಿ.

ಈ ಸಲದ್ದು ಕೊಡಗಿನ ಕಾಫಿ ತೋಟದವರೊಬ್ಬರ ಹ್ಯಾಟು. ಒಳ್ಳೆಯ ಮೊಲದ ಕೂದಲಿನ ಫೆಲ್ಟು. ಮಳೆಯಲ್ಲಿ ನೆನೆದದ್ದನ್ನು ಅವರ ಅಡುಗೆಯವನು, ಪುಣ್ಯಾತ್ಮ, ಒಲೆಯ ಪಕ್ಕ ಇಟ್ಟು ಒಣಗಿಸಿದ್ದಾನೆ. ಅಂಚು ಸುಟ್ಟ ಹಪ್ಪಳದಂತೆ ಮುರುಟಿ, ತಲೆಯ ಭಾಗ ಕುಗ್ಗಿ, ಮಗುವಿಗೂ ಹಿಡಿಸದ ಹಾಗೆ ಆಗಿತ್ತು. ಕೆಟಲಿನ ಹಬೆ ಹಿಡಿದು ಮೆತ್ತಗೆ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ, ದಾರ ಬಿಗಿದು ಎರಡು ದಿನ ನೆರಳಿನಲ್ಲಿಟ್ಟೆ. ಆಕಾರ ಬಂತು. ಒಳಗಿನ ತೊಗಲು ಪಟ್ಟಿ ಬೆವರಿಗೆ ಕೊಳೆತಿತ್ತು, ಅದನ್ನೂ ಬಿಚ್ಚಿ ಹೊಸದು ಹೊಲಿದೆ. ಇನ್ನು ಮಳೆಗೆ ತಡೆಯಲಿ ಎಂದು ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಒಳಮೈಗೆ ಬಳಿದೆ. ಮಾರನೆಯ ದಿನ ನೋಡಿದರೆ ಹೊರಗಡೆ ಉಪ್ಪು ಉದುರಿಸಿದ ಹಾಗೆ ಬಿಳಿ ಮಚ್ಚೆ ಎದ್ದಿದೆ. ಅರಗು ಹೆಚ್ಚಾಯಿತೋ, ಮಳೆಗಾಲದ ತೇವವೋ ತಿಳಿಯದು. ಬರೀ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಲೇ, ಇನ್ನೊಮ್ಮೆ ಹಬೆಗೆ ಹಿಡಿಯಲೇ, ಕೇಳಿ ಬರೆ.

ಇಷ್ಟೇ ಈ ಸಲದ ಸಮಾಚಾರ.

*

ಪ್ರೇಮಾ, ಈ ಎರಡನೆಯ ಹಾಳೆಯನ್ನು ಗಟ್ಟಿಯಾಗಿ ಓದಬೇಡ. ಕಾಗದ ಮುಗಿಯಿತು ಎಂದು ಹೇಳಿ ಅಡುಗೆಮನೆಗೆ ಹೋಗು. ಅಲ್ಲಿ ಒಬ್ಬಳೇ ಓದಿಕೊ.

ಮೇಲೆ ಕ್ಷೇಮ ಎಂದು ಬರೆದದ್ದು ಸುಳ್ಳು. ನಿನ್ನ ಚಿಕ್ಕಪ್ಪ ಚಿಕ್ಕಣ್ಣ ದೊಡ್ಡಾಸ್ಪತ್ರೆಯಲ್ಲಿ ಮಲಗಿ ಹತ್ತು ದಿನವಾಯಿತು. ಎದೆಯಲ್ಲಿ ನೀರು ತುಂಬಿದೆ. ಹೆಚ್ಚೆಂದರೆ ಒಂದು ವಾರ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅವನಿಗೆ ಬೇಕಾಗಿರುವುದು ಒಂದೇ, ಅಣ್ಣನನ್ನು ಒಂದು ಸಲ ನೋಡುವುದು. ನಾನು ಕಳಿಸಿದ ಕಾರ್ಡಿಗೆ ನಿಮ್ಮಪ್ಪ ಬರೆಸಿದ ಉತ್ತರ ನಿನಗೆ ನೆನಪಿರಬೇಕು. "ನನ್ನ ಕಣ್ಣು ತೆಗೆದವನ ಮುಖ ನೋಡೋಕೆ ನನಗೆ ಕಣ್ಣೆಲ್ಲಿವೆ ಅಂತ ಕೇಳು." ಆ ಮಾತನ್ನು ನಿನ್ನ ದುಂಡು ಅಕ್ಷರದಲ್ಲಿ ನಾನು ಓದಬೇಕಾಯಿತು.

ಅವರ ಕಣ್ಣು ತೆಗೆದವಳು ನಾನು.

ಬರೆದುಬಿಟ್ಟೆ. ಏಳು ವರ್ಷದಿಂದ ಈ ಒಂದು ಸಾಲನ್ನು ಯಾರಿಗೂ ಹೇಳಿರಲಿಲ್ಲ. ಇನ್ನು ಉಳಿದದ್ದನ್ನು ನೀನು ಕೇಳಲೇಬೇಕು.

ನಿನಗಾಗ ಹನ್ನೊಂದು ವರ್ಷ. ಅಪ್ಪ ಆಗೀಗ ಕುಡಿಯುತ್ತಾರೆಂದು ಗೊತ್ತಿತ್ತು, ಆದರೆ ಏನು ಕುಡಿಯುತ್ತಾರೆಂದು ಗೊತ್ತಿರಲಿಲ್ಲ. ಅರಗು ಕರಗಿಸಲು ತಂದ ಸ್ಪಿರಿಟ್ಟಿಗೆ ನಿಂಬೆಹುಳಿ ಹಿಂಡಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಅಷ್ಟು ನಾಜೂಕಾಗಿ ಹ್ಯಾಟಿಗೆ ಹಬೆ ಹಿಡಿಯುವ ಕೈ ಬೆಳಗಿನ ಹೊತ್ತು ನಡುಗಲು ಶುರುವಾಯಿತು. ಡಬ್ಬಿ ಬಚ್ಚಿಟ್ಟೆ, ಹುಡುಕಿದರು. ಪೆಟ್ಟಿಗೆಗೆ ಬೀಗ ಹಾಕಿದೆ, ಒಡೆದರು. ಬೇಡಿಕೊಂಡೆ, ಜಗಳವಾಡಿದೆ. ನಿನ್ನ ಮೇಲೆ ಆಣೆ ಇಡಿಸಿದೆ, ಅದೂ ಮೂರೇ ದಿನ ನಡೆಯಿತು.

ಆಗ ಬಣ್ಣದ ಅಂಗಡಿಯ ಗುಮಾಸ್ತ ಗುರುಸಿದ್ದಯ್ಯ ಇನ್ನೊಂದು ಬಗೆಯ ಸ್ಪಿರಿಟ್ಟು ತೋರಿಸಿದ. ಚಿಕ್ಕ ಡಬ್ಬಿ, ಮೇಲೆ ಬುರುಡೆಯ ಚಿತ್ರ. "ಅರಗು ಇದ್ರಲ್ಲೂ ಕರಗ್ತದೆ ಕಣಕ್ಕ. ಆದ್ರೆ ಇದು ಇಸ. ಈ ಬುರುಡೆ ನೋಡುದ್ರೆ ಯಾವ ಕುಡುಕ್ನೂ ಮುಟ್ಟಾಕಿಲ್ಲ" ಎಂದ. ಅದನ್ನೇ ಕೊಂಡು ತಂದೆ. ತಂದವಳು ಏನು ಮಾಡಿದೆ ಗೊತ್ತೇ? ಬುರುಡೆ ಕಂಡರೆ ಇದನ್ನು ಬಿಸಾಡಿ ಹಳೆಯದನ್ನೇ ತರುತ್ತಾರೆ ಎಂದುಕೊಂಡು, ಹಳೆಯ ಡಬ್ಬಿಗೆ ಸುರಿದುಬಿಟ್ಟೆ. ಖಾಲಿ ಡಬ್ಬಿಯನ್ನು ಹಿತ್ತಲಿನ ಕಸದ ಗುಂಡಿಗೆ ತುರುಕಿದೆ. ಅದು ವಿಷ ಎಂದು ಗೊತ್ತಿದ್ದೂ ಅವರಿಗೆ ಹೇಳಲಿಲ್ಲ. ಒಂದು ಸಲ ವಾಂತಿಯಾಗಿ ಒದ್ದಾಡಲಿ, ಬುದ್ಧಿ ಬರಲಿ, ಆಮೇಲೆ ಹೇಳಿದರಾಯಿತು ಎಂಬ ಸಿಟ್ಟಿತ್ತು. ಕಣ್ಣು ಹೋಗುತ್ತದೆಂದು ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ಸಿಟ್ಟು ಇರಲಿಲ್ಲ ಎಂದು ಯಾವ ದೇವರ ಮುಂದೆಯೂ ಹೇಳಲಾರೆ.

ಅದೇ ವಾರ, ಭಾನುವಾರ ಮಧ್ಯಾಹ್ನ, ಚಿಕ್ಕಣ್ಣ ತಾನಿದ್ದ ಹಿನಕಲ್ಲಿನಿಂದ ಒಂದು ಸೀಸೆ ಕಳ್ಳಭಟ್ಟಿ ತಂದ. ಅಣ್ಣತಮ್ಮ ಹಂಚಿಕೊಂಡು ಕುಡಿದರು. ಅವನು ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು, ಹಾಗೇ ಹಿಂದಿನ ಬಾಗಿಲಿನಿಂದ ಹೊರಟುಹೋದ. ಹ್ಯಾಟನ್ನು ಮೊಳೆಯ ಮೇಲೆಯೇ ಮರೆತ. ಅಂಗಡಿಯಲ್ಲಿ ಕಂದು ಬಣ್ಣದ್ದೊಂದು ಹ್ಯಾಟು ಸದಾ ನೇತಾಡುತ್ತದಲ್ಲ, ಅದು ಅವನದು. ಯಾರೋ ದೊರೆ ಬಿಟ್ಟುಹೋದ ಹಳೆಯ ಹ್ಯಾಟನ್ನು ಅಪ್ಪ ತಾವೇ ಅಚ್ಚಿಗೆ ಹಾಕಿ ತಮ್ಮನಿಗೆ ಕೊಟ್ಟಿದ್ದರು. ಅವನು ಹೋದ ಮೇಲೆ ಸಾಲದಾಗಿ ಅಪ್ಪ ಡಬ್ಬಿಗೆ ಕೈ ಹಾಕಿದರು. ನಾನು ನೋಡಲಿಲ್ಲ. ಸಂಜೆ ಡಬ್ಬಿ ತೆರೆದಾಗ ನಾಲ್ಕು ಬೆರಳು ಇಳಿದಿತ್ತು.

ಮಾರನೆಯ ಸಂಜೆ ಕಣ್ಣ ಮುಂದೆ ಹಾಲು ಚೆಲ್ಲಿದ ಹಾಗಿದೆ ಎಂದರು. ಮೂರನೆಯ ದಿನ ಅದೂ ಇಲ್ಲ.

ಏನು ಕುಡಿದಿರಿ ಎಂದು ಡಾಕ್ಟರು ಕೇಳಿದಾಗ, ತಮ್ಮ ತಂದದ್ದು ಎಂದರು ನಿಮ್ಮಪ್ಪ. ಡಬ್ಬಿಯ ಸುದ್ದಿ ಎತ್ತಲಿಲ್ಲ. ಅಂಗಡಿಯ ಸ್ಪಿರಿಟ್ಟು ಕುಡಿದೆ ಎಂದು ನಾಲ್ಕು ಜನರ ಮುಂದೆ ಹೇಳಲು ಅವರಿಗೆ ನಾಚಿಕೆ. ನನಗೋ ಭಯ. ಪೊಲೀಸರು ನನ್ನನ್ನು ಒಯ್ದರೆ ನಿನ್ನನ್ನು ನೋಡುವವರು ಯಾರು? ಹೌದು ಎಂದು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು, ಒಂದು ಸಲ ತಲೆಯಾಡಿಸಿದ್ದು. ಚಿಕ್ಕಣ್ಣನಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ಹೆಣ್ಣು ಕೊಡುತ್ತೇವೆಂದಿದ್ದವರು ಹಿಂದೆ ಸರಿದರು.

ಬಿಡುಗಡೆಯಾದ ದಿನವೇ ಅವನು ಅಂಗಡಿಗೆ ಬಂದಿದ್ದ. ಒಳಗಿನಿಂದ ಅಪ್ಪ, ಅವನನ್ನು ಹೊರಗಿನಿಂದಲೇ ಕಳಿಸಿಬಿಡು ಎಂದರು. ನಾನು ಹೊಸ್ತಿಲಲ್ಲೇ ಅಡ್ಡ ನಿಂತೆ. ಒಂದು ಲೋಟ ನೀರೂ ಕೊಡಲಿಲ್ಲ, ಪ್ರೇಮಾ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಮಗೀನ ಚೆನ್ನಾಗಿ ಓದ್ಸಿ ಅತ್ಗೆ" ಎಂದು ಹೇಳಿ ಹೋದ. ಆಮೇಲೆ ಇದೇ ಮಂಡಿಯಲ್ಲಿ ಮೂಟೆ ಹೊತ್ತ. ಎದುರಿಗೆ ಬಂದರೆ ನಾನೇ ಬೇರೆ ಬೀದಿಗೆ ತಿರುಗುತ್ತಿದ್ದೆ. ಅವನ ಹ್ಯಾಟಿಗೆ ಮಾತ್ರ ಪ್ರತಿ ಶುಕ್ರವಾರ ಬ್ರಷ್ ಹಾಕಿದೆ, ಹುಳು ಬೀಳದಂತೆ ನೋಡಿಕೊಂಡೆ. ಗಿರಾಕಿಗಳು ಕೇಳಿದರೆ ಮಾರುವುದಕ್ಕಲ್ಲ ಎನ್ನುತ್ತಿದ್ದೆ. ಮನುಷ್ಯನಿಗೆ ನೀರು ಕೊಡದೆ ಅವನ ಹ್ಯಾಟಿಗೆ ಉಪಚಾರ ಮಾಡುವ ಹೆಂಗಸು ನಿನ್ನ ತಾಯಿ.

ನಿನ್ನೆ ಆ ಹ್ಯಾಟನ್ನು ಆಸ್ಪತ್ರೆಗೆ ಒಯ್ದೆ. ಚಿಕ್ಕಣ್ಣ ಅದನ್ನು ಹೊಟ್ಟೆಯ ಮೇಲೆ ಬೋರಲಾಗಿ ಇಡಲಿಲ್ಲ, ಅಂಚು ಮಡಿಯದಂತೆ ಅಂಗಾತ ಇಟ್ಟುಕೊಂಡ. ಅಣ್ಣ ಕಲಿಸಿದ್ದು ಅವನಿಗಿನ್ನೂ ಮರೆತಿಲ್ಲ. "ಅಣ್ಣುನ್ ಒಂದ್ಸಲ ಕರ್ಸಿ ಅತ್ಗೆ. ನಾ ತಂದಿದ್ರಲ್ಲಿ ಇಸ ಇರ್ನಿಲ್ಲ. ನಾನೂ ಅದ್ನೇ ಕುಡುದ್ನಲ್ವ? ಅಷ್ಟ್ ಏಳ್ಬುಟ್ರೆ ಸಾಕು" ಎಂದ. ನಾನು ಅವನ ಕಾಲು ಹಿಡಿದುಕೊಂಡೆ, ಆದರೆ ಬಾಯಿ ಬಿಡಲಿಲ್ಲ. ಸುತ್ತ ಜನರಿದ್ದರು ಎಂಬುದು ನೆಪ.

ಡಬ್ಬಿಯಿಂದ ಕುಡಿದದ್ದು ನಿಮ್ಮಪ್ಪನಿಗೆ ಗೊತ್ತು, ಡಬ್ಬಿಯಲ್ಲಿ ಏನಿತ್ತೆಂಬುದು ನನಗೆ ಗೊತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡು ನಡುವೆ ಅವನನ್ನು ಅರೆದುಬಿಟ್ಟೆವು. ಈಗ ನೀನು ಏನಾದರೂ ಹೇಳಿ ಅಪ್ಪನನ್ನು ಹೊರಡಿಸು. ನನಗೇ ಕಾಯಿಲೆ ಜೋರಾಗಿದೆ ಎಂದು ಬೇಕಾದರೆ ಸುಳ್ಳು ಹೇಳು. ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ನೇರವಾಗಿ ಆಸ್ಪತ್ರೆಗೆ ಬಾ. ಈ ಹಾಳೆಯ ವಿಷಯ ಮಾತ್ರ ಅವರಿಗೆ ಹೇಳಬೇಡ. ಈ ವಯಸ್ಸಿನಲ್ಲಿ ಅವರು ನನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ನಿನ್ನ ಅವ್ವ,
ದೇವಿರಮ್ಮ

ವಿ.ಸೂ. (೧೬-೭): ಕಾಗದವನ್ನು ಟಪಾಲಿಗೆ ಹಾಕಲು ಧೈರ್ಯ ಸಾಲದೆ ಒಂದು ದಿನ ಸೆರಗಿನಲ್ಲೇ ಇಟ್ಟುಕೊಂಡಿದ್ದೆ. ಆ ಒಂದು ದಿನ ಸಾಕಾಯಿತು. ಇವತ್ತು ಬೆಳಿಗ್ಗೆ ಚಿಕ್ಕಣ್ಣ ಹೋದ. ಪಕ್ಕದ ಮನೆಯ ಚಾಮಯ್ಯ ಗಾಡಿ ಮಾಡಿಸಿಕೊಟ್ಟ, ಹಿನಕಲ್ಲಿಗೆ ಒಯ್ದು ಮಣ್ಣು ಮಾಡಿದೆವು.

ಅವನ ಗಂಟನ್ನು ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟರು. ಒಂದು ಅಂಗಿ, ಆ ಹ್ಯಾಟು, ಬೀಡಿ ಇಟ್ಟುಕೊಳ್ಳುವ ತಗಡಿನ ಡಬ್ಬಿ. ಡಬ್ಬಿಯ ಬಾಯನ್ನು ಅಗಲಕ್ಕೆ ಕತ್ತರಿಸಿ, ಕೈ ಗೀರದಂತೆ ಅಂಚು ಮಡಿಸಿದ್ದಾನೆ. ತಿರುಗಿಸಿ ನೋಡಿದೆ. ಬಣ್ಣ ಮಾಸಿದ್ದರೂ ಬುರುಡೆಯ ಚಿತ್ರ ಹಾಗೇ ಇದೆ. ಆ ಭಾನುವಾರ ಕೈಕಾಲು ತೊಳೆಯಲು ಹೋದಾಗ ನಮ್ಮ ಗುಂಡಿಯಿಂದಲೇ ಎತ್ತಿಕೊಂಡು ಹೋಗಿದ್ದಾನೆ. ಅಣ್ಣ ಅಂಗಡಿಯ ಸ್ಪಿರಿಟ್ಟು ಕುಡಿಯುವುದು ಅವನಿಗೆ ತಿಳಿಯದ್ದೇನಲ್ಲ. ಪೊಲೀಸರು ಹುಡುಕುತ್ತಾ ಬಂದಾಗಲೂ, ಸಜೆಯಾದಾಗಲೂ, ನಾನು ಹೊಸ್ತಿಲಲ್ಲಿ ಅಡ್ಡ ನಿಂತಾಗಲೂ ಅವನಿಗೆ ಎಲ್ಲ ಗೊತ್ತಿತ್ತು. ತಾನು ತಂದದ್ದರಲ್ಲಿ ವಿಷವಿರಲಿಲ್ಲ ಎಂದು ಹೇಳಲು ಬಯಸಿದನೇ ಹೊರತು, ವಿಷ ಎಲ್ಲಿತ್ತು ಎಂದು ಕೊನೆಯವರೆಗೂ ಹೇಳಲಿಲ್ಲ.

ಎರಡನೆಯ ಹಾಳೆಯನ್ನು ಗಟ್ಟಿಯಾಗಿ ಓದಬೇಡ ಎಂದು ಬರೆದಿದ್ದೇನಲ್ಲ, ಆ ಮಾತು ಬಿಟ್ಟುಬಿಡು. ಅಪ್ಪನನ್ನು ಕೂರಿಸಿಕೊಂಡು ಮೊದಲಿನಿಂದ ಇಲ್ಲಿಯವರೆಗೆ ಓದು. ಎಲ್ಲಿಯೂ ನಿಲ್ಲಿಸಬೇಡ. ಈ ಕಾಗದ ನಿಮಗೆ ತಲುಪಿದ ಮೇಲೆ, ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಹ್ಯಾಟನ್ನೂ ಡಬ್ಬಿಯನ್ನೂ ತೆಗೆದುಕೊಂಡು ನಾನೇ ಬರುತ್ತೇನೆ. ಅವರು ಬಾಗಿಲು ತೆಗೆಯಬೇಡ ಎಂದರೆ ನೀನು ತೆಗೆಯಬೇಡ.