ಹೊಂಗೆಮರದ ರಜೆ

ಸೌಂದರ್ಯ,

ಇದನ್ನ ನಿನಗೆ ಕಳಿಸಲ್ಲ. ಆದ್ರೂ ಕೇಳು, ನಮ್ಮ ಭದ್ರಾವತಿ ಶಾಲೆಯ ಹೊಂಗೆಮರ ಚಿಗುರಿದೆ. ಇವತ್ತು ನಿನ್ನ ಒಂದನೇ ಕ್ಲಾಸಿನವರನ್ನೆಲ್ಲ ಅದರ ಕೆಳಗೆ ಕರ್ಕೊಂಡು ಹೋಗಿದ್ದೆ. ಎಲೆ ಉದುರಿದಾಗ "ಮರ ಸತ್ತಿಲ್ಲ ಮಕ್ಕಳೇ, ರಜೆ ಹಾಕಿದೆ" ಅಂತ ಅವರಿಗೆ ಹೇಳಿಕೊಟ್ಟವಳು ನೀನೇ. ಲಿಖಿತಾ ಎಳೆ ಎಲೆಯನ್ನ ಕೆನ್ನೆಗೆ ಒತ್ತಿಕೊಂಡು ಕೇಳಿದಳು: "ಮಿಸ್, ಮರದ ರಜೆ ಮುಗೀತು. ಸೌಂದರ್ಯ ಮಿಸ್ ಯಾವಾಗ ಬರ್ತಾರೆ?"

ಶಿವಮೊಗ್ಗದಲ್ಲಿ ಅಮ್ಮನ ಹತ್ರ ಇರೋಕೆ ಅಲ್ಲಿನ ಸವಳಂಗ ರಸ್ತೆಯ ಶಾಲೆಗೆ ವರ್ಗ ಕೇಳ್ತೀನಿ ಅಂತ ನಿನಗೊಬ್ಬಳಿಗೇ ಹೇಳಿದ್ದೆ. ಆ ಜಾಗಕ್ಕೆ ನೀನೇ ಹೋಗಿ ಕೂತೆಯಲ್ಲ ಮಾರಾಯ್ತಿ! ಹೋಗೋ ದಿನವೂ "ಎರಡು ದಿನ ರಜೆ ಕಣೇ, ನನ್ನ ಕ್ಲಾಸ್ ನೋಡ್ಕೋ" ಅಂತಲೇ ನೀನು ಹೇಳಿ ಹೋಗಿದ್ದು.

"ಮಿಸ್ ರಜೆಯಲ್ಲಿದ್ದಾರೆ" ಅಂದೆ ಲಿಖಿತಾಗೆ. ನಾನು ನಂಬಿದ ಹಾಗೇ ಅವಳೂ ನಂಬಿದಳು.